ಎಲ್ಲಿ ಕೊರೆಯಬೇಕು?

1559ರ ಜೂನ್ 30. ಪ್ಯಾರಿಸ್ಸಿನ ಸೇಂಟ್ ಆಂಟ್ವಾನ್ ಬೀದಿಯಲ್ಲಿ ಮದುವೆಯ ಸಡಗರ. ಸ್ಪೇನಿನೊಂದಿಗೆ ನಡೆದ ದೀರ್ಘ ಯುದ್ಧಕ್ಕೆ ಅದೇ ಏಪ್ರಿಲ್‌ನಲ್ಲಿ ತೆರೆ ಬಿದ್ದಿತ್ತು. ಒಪ್ಪಂದ ಗಟ್ಟಿಯಾಗಲೆಂದು ಫ್ರಾನ್ಸಿನ ದೊರೆ ಎರಡನೆಯ ಹೆನ್ರಿ ಮಗಳನ್ನು ಸ್ಪೇನಿನ ದೊರೆಗೂ ತಂಗಿಯನ್ನು ಸವಾಯ್ ಸಂಸ್ಥಾನದ ಡ್ಯೂಕನಿಗೂ ಕೊಡುತ್ತಿದ್ದ. ಆ ಸಂಭ್ರಮಕ್ಕೆ ಭರ್ಜಿ ಕಾಳಗವನ್ನೂ ಏರ್ಪಡಿಸಿದ್ದರು. ನಲವತ್ತರ ದೊರೆ ತಾನೇ ಕವಚ ತೊಟ್ಟು ಕುದುರೆ ಏರಿದ. ಎದುರಿಗೆ ಅವನದೇ ಕಾವಲು ಪಡೆಯ ನಾಯಕ, ತರುಣ ಗೇಬ್ರಿಯಲ್ ಮಾಂಟ್ಗೋಮರಿ. ಕುದುರೆಗಳು ಮುಖಾಮುಖಿಯಾದಾಗ ಮಾಂಟ್ಗೋಮರಿಯ ಭರ್ಜಿ ಮುರಿಯಿತು. ಅದರ ಸಿಬಿರುಗಳು ದೊರೆಯ ಶಿರಸ್ತ್ರಾಣದ ಸಂದಿಯಿಂದ ಒಳನುಗ್ಗಿ ಬಲಗಣ್ಣಿನ ಭಾಗಕ್ಕೆ ನಾಟಿದವು.

ಪಕ್ಕದ ಅರಮನೆಗೆ ಹೊತ್ತುಕೊಂಡು ಹೋದರು. ಆ ಕಾಲದ ಯುರೋಪಿನ ಅತ್ಯುತ್ತಮ ವೈದ್ಯರಿಬ್ಬರು ಅವನ ಹಾಸಿಗೆಯ ಬಳಿ ಸೇರಿದರು. ಒಬ್ಬ ಯುದ್ಧಭೂಮಿಯಲ್ಲಿ ಪಳಗಿದ ಶಸ್ತ್ರವೈದ್ಯ ಆಂಬ್ರೋಸ್ ಪಾರೆ. ಇನ್ನೊಬ್ಬ ಮನುಷ್ಯದೇಹವನ್ನು ಕೊಯ್ದು ನೋಡಿ ಅಂಗರಚನಾಶಾಸ್ತ್ರವನ್ನೇ ಹೊಸದಾಗಿ ಬರೆದ ಆಂಡ್ರಿಯಾಸ್ ವೆಸಾಲಿಯಸ್. ಅವನನ್ನು ಸ್ಪೇನಿನ ದೊರೆ ಬ್ರಸೆಲ್ಸ್‌ನಿಂದ ಕಳಿಸಿಕೊಟ್ಟಿದ್ದ. ಮರಣದಂಡನೆಗೆ ಗುರಿಯಾದ ಅಪರಾಧಿಗಳ ತಲೆಗಳನ್ನು ತರಿಸಿ, ಅವುಗಳಿಗೆ ಅದೇ ಬಗೆಯ ಸಿಬಿರು ಚುಚ್ಚಿ, ಗಾಯ ಎಷ್ಟು ಆಳಕ್ಕೆ ಹೋಗಿರಬಹುದೆಂದು ಪರೀಕ್ಷಿಸಿದರು ಎಂಬ ವೃತ್ತಾಂತ ಉಳಿದುಬಂದಿದೆ. ಬುರುಡೆ ಒಡೆದಂತೆ ಕಾಣಲಿಲ್ಲ. ಆದ್ದರಿಂದ ಕೊರೆಯುವ ಗೋಜಿಗೆ ಹೋಗಲಿಲ್ಲ. ಜುಲೈ 10ರಂದು ದೊರೆ ತೀರಿಕೊಂಡ.

ಶವಪರೀಕ್ಷೆ ಮಾಡಿದವರಿಗೆ ಆಶ್ಚರ್ಯ ಕಾದಿತ್ತು. ಸಿಬಿರು ಮೆದುಳನ್ನು ಮುಟ್ಟಿರಲೇ ಇಲ್ಲ. ಪೆಟ್ಟು ಬಿದ್ದದ್ದು ಮುಂದೆ, ರಕ್ತ ಕಟ್ಟಿದ್ದು ತಲೆಯ ಹಿಂಭಾಗದಲ್ಲಿ. ಮೆದುಳಿನ ಹೊರ ಹೊದಿಕೆಗೂ ಒಳ ಹೊದಿಕೆಗೂ ನಡುವೆ ರಕ್ತ ನಿಂತಿತ್ತು, ಅದರ ಕೆಳಗಿನ ಮೆದುಳು ಹೆಬ್ಬೆರಳಿನಗಲ ಹಳದಿಗಟ್ಟಿ ಕೊಳೆಯತೊಡಗಿತ್ತು ಎಂದು ಪಾರೆ ಬರೆದಿಟ್ಟ. ತಲೆ ಅಲುಗಿದ ರಭಸಕ್ಕೆ ಎದುರು ಬದಿಯ ರಕ್ತನಾಳ ಹರಿದಿತ್ತು. ದೊರೆಯ ಬುರುಡೆಯನ್ನು ಕೊರೆದಿದ್ದರೂ ಪೆಟ್ಟು ಬಿದ್ದ ಕಡೆಯೇ ಕೊರೆಯುತ್ತಿದ್ದರು, ರಕ್ತ ಸಿಗುತ್ತಿರಲಿಲ್ಲ. ಅವನ ಹದಿನೈದರ ಮಗ ಪಟ್ಟಕ್ಕೆ ಬಂದ. ಕೆಲವೇ ವರ್ಷಗಳಲ್ಲಿ ಫ್ರಾನ್ಸ್ ಮತಯುದ್ಧಗಳಿಗೆ ಜಾರಿತು.

ತಲೆಬುರುಡೆಗೆ ತೂತು ಕೊರೆಯುವ ವಿದ್ಯೆ ಆಗಲೇ ಬಹಳ ಹಳೆಯದು. ಫ್ರಾನ್ಸಿನ ಎನ್ಸಿಸೈಮ್‌ನಲ್ಲಿ ಸಿಕ್ಕ ಸುಮಾರು ಏಳು ಸಾವಿರ ವರ್ಷ ಹಿಂದಿನ ಬುರುಡೆಯೊಂದರಲ್ಲಿ ಮನುಷ್ಯರು ಕೊರೆದ ತೂತುಗಳಿವೆ. ಅವುಗಳ ಅಂಚಿನ ಮೂಳೆ ಮತ್ತೆ ಬೆಳೆದಿದೆ. ಅಂದರೆ ಆ ಮನುಷ್ಯ ಕೊರೆಸಿಕೊಂಡ ಮೇಲೂ ಬದುಕಿದ್ದ. ಪೆರುವಿನ ಪರ್ವತ ಪ್ರದೇಶಗಳಲ್ಲಿ ಇಂಥವು ನೂರಾರು ಸಿಕ್ಕಿವೆ. ಗ್ರೀಕರ ಹಿಪಾಕ್ರಟಿಸನ ಹೆಸರಿನ ಗ್ರಂಥಗಳಲ್ಲಿ ತಲೆಗಾಯಕ್ಕೆಂದೇ ಒಂದು ಪುಸ್ತಕವಿದೆ. ಕೈಯಲ್ಲಿ ಕೌಶಲವಿತ್ತು, ಸಲಕರಣೆಯಿತ್ತು. ಗೊತ್ತಿಲ್ಲದಿದ್ದದ್ದು ಒಂದೇ: ಎಲ್ಲಿ ಕೊರೆಯಬೇಕು? ಮೆದುಳಿನ ಸುತ್ತ ಆಗುವ ರಕ್ತಸ್ರಾವದ ಚಿಕಿತ್ಸೆಯ ಇತಿಹಾಸವೆಂದರೆ ಮುಖ್ಯವಾಗಿ ಈ ಪ್ರಶ್ನೆಗೆ ಉತ್ತರ ಹುಡುಕಿದ ಇತಿಹಾಸ.

ಉತ್ತರ ಇಷ್ಟು ಕಷ್ಟವಾದದ್ದು ಜಾಗದ ರಚನೆಯಿಂದ. ಬುರುಡೆಯ ಒಳಗೆ ಮೆದುಳಿಗೆ ಮೂರು ಹೊದಿಕೆಗಳಿವೆ. ಮೂಳೆಗೆ ಅಂಟಿಕೊಂಡ, ಚರ್ಮದ ಹಾಗೆ ಗಟ್ಟಿಯಾದ ಡ್ಯೂರಾ. ಅದರ ಕೆಳಗೆ ತೆಳ್ಳನೆಯ ಅರಕ್ನಾಯ್ಡ್. ಮೆದುಳಿನ ಮೈಗೇ ಮೆತ್ತಿಕೊಂಡ ಪಯಾ. ಕಣತಲೆಯ ಮೂಳೆ ತೆಳು. ಅಲ್ಲಿ ಮೂಳೆ ಬಿರುಕು ಬಿಟ್ಟರೆ ಅದರ ಒಳಮೈಯಲ್ಲಿ ಹಾಯುವ ಅಪಧಮನಿ ಹರಿದು, ಮೂಳೆಗೂ ಡ್ಯೂರಾಕ್ಕೂ ನಡುವೆ ರಕ್ತ ರಭಸದಿಂದ ತುಂಬುತ್ತದೆ. ಇದು ಎಕ್ಸ್‌ಟ್ರಾಡ್ಯೂರಲ್. ಮೆದುಳಿನಿಂದ ಡ್ಯೂರಾಕ್ಕೆ ಸೇತುವೆಯಾಗಿ ಹೋಗುವ ಸಣ್ಣ ಅಭಿಧಮನಿಗಳು ಹರಿದರೆ ಡ್ಯೂರಾದ ಕೆಳಗೆ ರಕ್ತ ಸೇರುತ್ತದೆ. ಇದು ಸಬ್‌ಡ್ಯೂರಲ್, ಹೆನ್ರಿಗೆ ಆದದ್ದು. ಅರಕ್ನಾಯ್ಡಿನ ಕೆಳಗೆ, ಮೆದುಳನ್ನು ತೇಲಿಸುವ ದ್ರವದೊಳಗೆ ರಕ್ತ ಬೆರೆತರೆ ಅದು ಸಬ್‌ಅರಕ್ನಾಯ್ಡ್. ಪೆಟ್ಟಿನಿಂದಲೂ ಇದು ಆಗುತ್ತದೆ; ಪೆಟ್ಟಿಲ್ಲದೆ ತಾನಾಗಿ ಆದರೆ ಬಹುಪಾಲು ಕಾರಣ, ಮೆದುಳಿನ ತಳದ ಅಪಧಮನಿಯ ಗೋಡೆ ಒಂದೆಡೆ ದುರ್ಬಲವಾಗಿ, ಸೈಕಲ್ ಟ್ಯೂಬಿನ ಸವೆದ ಜಾಗ ಗುಳ್ಳೆಯಾಗಿ ಉಬ್ಬುವ ಹಾಗೆ ಉಬ್ಬಿ ಒಡೆಯುವುದು. ಆ ಗುಳ್ಳೆಯೇ ಅನ್ಯೂರಿಸಂ.

ಬುರುಡೆ ಹಿಗ್ಗುವುದಿಲ್ಲ. ಒಳಗೆ ರಕ್ತ ಜಾಗ ಮಾಡಿಕೊಂಡಷ್ಟೂ ಬೇರೇನೋ ಜಾಗ ಬಿಡಬೇಕು ಎಂಬ ಸರಳ ಲೆಕ್ಕವನ್ನು 1783ರಲ್ಲಿ ಎಡಿನ್‌ಬರೋದ ಅಲೆಕ್ಸಾಂಡರ್ ಮನ್ರೋ ಮುಂದಿಟ್ಟ. ಇಂದಿನ ಮಾರ್ಗಸೂಚಿಯ ಪ್ರಕಾರ ಎಕ್ಸ್‌ಟ್ರಾಡ್ಯೂರಲ್ ರಕ್ತ 30 ಮಿಲಿಲೀಟರ್ ದಾಟಿದರೆ, ರೋಗಿ ಎಚ್ಚರವಾಗಿದ್ದರೂ ಸರಿ, ಆಪರೇಷನ್ ಮಾಡಬೇಕು. ಎರಡು ದೊಡ್ಡ ಚಮಚದಷ್ಟು ರಕ್ತ ಒಬ್ಬ ಆಳನ್ನು ಕೊಲ್ಲಬಲ್ಲದು.

ಮೊದಲು ಕೈಗೆ ದಕ್ಕಿದ್ದು ಎಕ್ಸ್‌ಟ್ರಾಡ್ಯೂರಲ್. ಅದು ತನ್ನ ಗುಟ್ಟನ್ನು ಲಕ್ಷಣಗಳಲ್ಲೇ ಬಿಟ್ಟುಕೊಡುತ್ತದೆ. ಬಿದ್ದವನಿಗೆ ಕ್ಷಣ ಪ್ರಜ್ಞೆ ತಪ್ಪುತ್ತದೆ, ಎಚ್ಚರವಾಗುತ್ತದೆ. ಎದ್ದು ಕೂತು ಮಾತಾಡುತ್ತಾನೆ, ಏನೂ ಆಗಿಲ್ಲ ಬಿಡಿ ಅನ್ನುತ್ತಾನೆ. ಕೆಲವು ಗಂಟೆ ಕಳೆದ ಮೇಲೆ ತಲೆನೋವು, ವಾಂತಿ, ಮಂಪರು, ಆಮೇಲೆ ಏಳುವುದಿಲ್ಲ. ಹದಿನೆಂಟನೆಯ ಶತಮಾನದ ಮೊದಲರ್ಧದಲ್ಲಿ ಪ್ಯಾರಿಸ್ಸಿನ ಜಾನ್-ಲೂಯಿ ಪೆಟಿ ಇದನ್ನು ಬಿಡಿಸಿ ಹೇಳಿದ: ಪೆಟ್ಟು ಬಿದ್ದ ತಕ್ಷಣ ಪ್ರಜ್ಞೆ ತಪ್ಪುವುದು ಮೆದುಳು ಅಲುಗಿದ್ದರಿಂದ, ಎಚ್ಚರವಾಗಿ ಮತ್ತೆ ತಪ್ಪುವುದು ರಕ್ತ ಒತ್ತುತ್ತಿರುವುದರಿಂದ. ಎರಡರ ನಡುವಿನ ಆ ಚೆನ್ನಾಗಿರುವ ಹೊತ್ತೇ ಕೊರೆಯಲು ಇರುವ ಅವಕಾಶ. ನಮ್ಮ ಊರುಗಳಲ್ಲಿ ಒಳಪೆಟ್ಟು ಅನ್ನುವ ಹೆದರಿಕೆಯ ಹಿಂದೆಯೂ ಈ ಅನುಭವವಿದೆ. ಬಿದ್ದ ಹುಡುಗನನ್ನು ಮಲಗಲು ಬಿಡಬೇಡಿ, ವಾಂತಿ ಮಾಡಿದನಾ ನೋಡಿ ಎಂದು ಹಿರಿಯರು ಸುಮ್ಮನೆ ಹೇಳುತ್ತಿರಲಿಲ್ಲ.

ಯಾವ ಬದಿ ಎಂಬುದಕ್ಕೆ ಸುಳಿವು ಸಿಕ್ಕಿದ್ದು ಕಣ್ಣಿನಲ್ಲಿ. ರಕ್ತದ ಒತ್ತಡಕ್ಕೆ ಮೆದುಳು ಕೆಳಗೆ ಸರಿದು ಕಣ್ಣಿನ ನರವೊಂದನ್ನು ಅದುಮುತ್ತದೆ. ಆ ಬದಿಯ ಪಾಪೆ ಹಿಗ್ಗಿ, ಬೆಳಕು ಬಿಟ್ಟರೂ ಕಿರಿದಾಗುವುದಿಲ್ಲ. ಲಂಡನ್ನಿನ ಜೊನಾಥನ್ ಹಚಿನ್‌ಸನ್ 1867ರಲ್ಲಿ ದಾಖಲಿಸಿದ ಈ ಚಿಹ್ನೆಯನ್ನು ಇವತ್ತಿಗೂ ಕ್ಯಾಶುವಾಲ್ಟಿಯ ವೈದ್ಯರು ಟಾರ್ಚ್ ಹಿಡಿದು ಮೊದಲು ನೋಡುತ್ತಾರೆ. ಅದೇ ವರ್ಷ ಜೋಸೆಫ್ ಲಿಸ್ಟರ್ ಗಾಯ ಕೀವಾಗದಂತೆ ಕಾರ್ಬಾಲಿಕ್ ಆಮ್ಲ ಬಳಸುವ ಕ್ರಮವನ್ನು ಪ್ರಕಟಿಸಿದ. ಅಲ್ಲಿಯವರೆಗೆ ರಕ್ತ ತೆಗೆಸಿಕೊಂಡು ಉಳಿದವರನ್ನೂ ಸೋಂಕು ಬಲಿ ತೆಗೆದುಕೊಳ್ಳುತ್ತಿತ್ತು. 1880ರ ದಶಕದಲ್ಲಿ ಜ್ಯೂರಿಕ್‌ನ ರುಡಾಲ್ಫ್ ಕ್ರೋನ್‌ಲೈನ್ ಕಣ್ಣು, ಕಿವಿಗಳನ್ನು ಗುರುತಾಗಿಟ್ಟುಕೊಂಡು ತಲೆಯ ಮೇಲೆ ಗೆರೆ ಎಳೆದು, ಕಣತಲೆಯ ಅಪಧಮನಿ ಹರಿದರೆ ಎಲ್ಲೆಲ್ಲಿ ಕೊರೆಯಬೇಕೆಂದು ತೋರಿಸಿದ. ಒಂದು ಬಗೆಯ ರಕ್ತಸ್ರಾವಕ್ಕಂತೂ ನಕ್ಷೆ ಸಿಕ್ಕಿತ್ತು.

ಸಬ್‌ಡ್ಯೂರಲ್ ಇಷ್ಟು ಸುಲಭಕ್ಕೆ ಬಗ್ಗಲಿಲ್ಲ. ಅದರಲ್ಲೂ ವಯಸ್ಸಾದವರಲ್ಲಿ ನಿಧಾನವಾಗಿ ಬೆಳೆಯುವ ಬಗೆ ಎಲ್ಲರನ್ನೂ ದಾರಿ ತಪ್ಪಿಸಿತು. ವಯಸ್ಸಾದಂತೆ ಮೆದುಳು ಕುಗ್ಗುತ್ತದೆ, ಸೇತುವೆಯ ನಾಳಗಳು ಜಗ್ಗಿಕೊಂಡಿರುತ್ತವೆ. ಬಾಗಿಲ ಚೌಕಟ್ಟಿಗೆ ತಲೆ ತಗುಲಿದರೂ ಒಂದು ನಾಳ ಜಿನುಗಲು ಸಾಕು. ಪೆಟ್ಟು ಮರೆತೇ ಹೋಗಿರುತ್ತದೆ. ವಾರಗಳ ನಂತರ ನಡಿಗೆ ತಡವರಿಸುತ್ತದೆ, ಮಾತು ತಪ್ಪುತ್ತದೆ, ನೆನಪು ಹಾರುತ್ತದೆ. ಮನೆಯವರು ಅರಳುಮರಳು ಅಂದುಕೊಂಡು ಸುಮ್ಮನಾಗುತ್ತಾರೆ. ಸ್ವಿಟ್ಜರ್ಲೆಂಡಿನ ಯೋಹಾನ್ ಯಾಕೋಬ್ ವೆಪ್ಫರ್ ಹದಿನೇಳನೆಯ ಶತಮಾನದಲ್ಲೇ ಒಬ್ಬ ಮುದುಕನ ಶವದಲ್ಲಿ ಡ್ಯೂರಾದ ಕೆಳಗೆ ರಕ್ತ ತುಂಬಿದ ಚೀಲವೊಂದನ್ನು ಕಂಡು ಬರೆದಿದ್ದ.

ಆ ಚೀಲಕ್ಕೆ ಕಾರಣವೇನು? 1857ರಲ್ಲಿ ಬರ್ಲಿನ್ನಿನ ರುಡಾಲ್ಫ್ ವಿರ್ಶೋ ತೀರ್ಪು ಕೊಟ್ಟ. ರೋಗಶಾಸ್ತ್ರದಲ್ಲಿ ಆಗ ಅವನ ಮಾತಿಗೆ ಎದುರಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಆ ಚೀಲದ ಪೊರೆಯನ್ನು ನೋಡಿದ ಅವನು, ಇದು ಡ್ಯೂರಾದ ಉರಿಯೂತ, ಉರಿಯೂತದ ಪೊರೆಯಿಂದ ರಕ್ತ ಜಿನುಗುತ್ತದೆ ಎಂದ. ಪೆಟ್ಟಿನ ಮಾತೇ ಹಿಂದೆ ಸರಿಯಿತು. ಉರಿಯೂತವೆಂದ ಮೇಲೆ ಅದು ಶಸ್ತ್ರವೈದ್ಯನ ಕೆಲಸವಲ್ಲ. ಹುಚ್ಚಾಸ್ಪತ್ರೆಗಳ ಶವಪರೀಕ್ಷೆಗಳಲ್ಲಿ, ಕುಡುಕರಲ್ಲಿ, ಮುದುಕರಲ್ಲಿ ಕಾಣುವ ಕಾಯಿಲೆಯಾಗಿ ಅದು ಉಳಿದುಬಿಟ್ಟಿತು. ಕುಡಿದವರೂ ಮುದುಕರೂ ಹೆಚ್ಚು ಬೀಳುತ್ತಾರೆ ಎಂಬುದನ್ನು ಯಾರೂ ಲೆಕ್ಕಕ್ಕೆ ತಂದುಕೊಳ್ಳಲಿಲ್ಲ.

1883ರಲ್ಲಿ ಲಂಡನ್ನಿನ ಜಾನ್ ಹಲ್ಕ್ ಇಂಥ ರೋಗಿಯೊಬ್ಬನ ಬುರುಡೆ ಕೊರೆದು ಬದುಕಿಸಿದ ವರದಿ ಪ್ರಕಟವಾದರೂ ಸಿದ್ಧಾಂತ ಅಲುಗಲಿಲ್ಲ. ಅಲುಗಿಸಿದವನು ಅದೇ ಊರಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ವಿಲ್‌ಫ್ರೆಡ್ ಟ್ರಾಟರ್. 1914ರಲ್ಲಿ ಅವನು ತನ್ನ ರೋಗಿಗಳ ವಿವರಗಳನ್ನಿಟ್ಟು ವಾದಿಸಿದ: ಇದು ಪೆಟ್ಟಿನಿಂದಲೇ ಆಗುವ ರಕ್ತಸ್ರಾವ, ಹರಿಯುವುದು ಸೇತುವೆಯ ನಾಳಗಳು, ಪೆಟ್ಟು ಎಷ್ಟು ಸಣ್ಣದಿರಬಹುದೆಂದರೆ ರೋಗಿಗೇ ನೆನಪಿರುವುದಿಲ್ಲ, ರಕ್ತ ತೆಗೆದರೆ ಅವನು ಗುಣವಾಗುತ್ತಾನೆ. ಕಾರಣ ಬದಲಾದ ಕೂಡಲೇ ಚಿಕಿತ್ಸೆಯೂ ಬದಲಾಯಿತು. ಅರಳುಮರಳೆಂದು ಮೂಲೆಗೆ ಸೇರಿದವರು ಎರಡು ಸಣ್ಣ ತೂತುಗಳ ನಂತರ ಎದ್ದು ಕುಳಿತು ಮನೆಯವರ ಹೆಸರು ಹೇಳತೊಡಗಿದರು. ಮೆದುಳಿನ ಶಸ್ತ್ರಚಿಕಿತ್ಸೆಯಲ್ಲಿ ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ದೊಡ್ಡ ಫಲ ಇನ್ನೆಲ್ಲೂ ಸಿಗುವುದು ಕಷ್ಟ.

ಮೂರನೆಯ ರಕ್ತಸ್ರಾವ ಮೆದುಳಿನ ತಳದಲ್ಲಿ, ಎಲ್ಲಕ್ಕಿಂತ ಆಳದಲ್ಲಿ. ಅಲ್ಲಿನ ಅಪಧಮನಿಗಳ ವರ್ತುಲವನ್ನು ಥಾಮಸ್ ವಿಲಿಸ್ 1664ರಲ್ಲೇ ವರ್ಣಿಸಿದ್ದ. ಆ ಪುಸ್ತಕಕ್ಕೆ ಚಿತ್ರ ಬರೆದುಕೊಟ್ಟವನು ಮುಂದೆ ಲಂಡನ್ನಿನ ಸೇಂಟ್ ಪಾಲ್ ಚರ್ಚು ಕಟ್ಟಿದ ಕ್ರಿಸ್ಟೋಫರ್ ರೆನ್. ಆದರೆ ವರ್ತುಲದ ಮೇಲಿನ ಗುಳ್ಳೆ ಒಡೆದದ್ದು ಗೊತ್ತಾಗುತ್ತಿದ್ದದ್ದು ಶವಪರೀಕ್ಷೆಯಲ್ಲಿ ಮಾತ್ರ. 1920ರ ಸುಮಾರಿಗೆ ಚಾರ್ಲ್ಸ್ ಸೈಮಂಡ್ಸ್ ಎಂಬ ಇಂಗ್ಲಿಷ್ ವೈದ್ಯ ಬೋಸ್ಟನ್ನಿನಲ್ಲಿ ಹಾರ್ವಿ ಕುಶಿಂಗ್ ಬಳಿ ಕಲಿಯುತ್ತಿದ್ದ. ಕುಶಿಂಗ್ ಅಂದರೆ ಆಗ ಮೆದುಳಿನ ಶಸ್ತ್ರಚಿಕಿತ್ಸೆಗೆ ಇನ್ನೊಂದು ಹೆಸರು. ಅವನ ರೋಗಿಯೊಬ್ಬಳ ವಿಷಯದಲ್ಲಿ ಸೈಮಂಡ್ಸ್ ಇದು ಗೆಡ್ಡೆಯಲ್ಲ, ಅನ್ಯೂರಿಸಂ ಎಂದ. ಶವಪರೀಕ್ಷೆ ಅವನ ಮಾತನ್ನೇ ಹಿಡಿಯಿತು. ಅದು ಆಕಸ್ಮಿಕವೋ ತರ್ಕವೋ ತಿಳಿಯಬೇಕೆಂದು ಕುಶಿಂಗ್ ಅವನನ್ನು ಹಳೆಯ ವರದಿಗಳ ಅಧ್ಯಯನಕ್ಕೆ ಕೂರಿಸಿದ. ಅಲ್ಲಿಂದ ಹುಟ್ಟಿದ ಪ್ರಬಂಧಗಳು 1923 ಮತ್ತು 1924ರಲ್ಲಿ ಬಂದವು: ಸಿಡಿಲು ಬಡಿದಂತೆ ಒಮ್ಮೆಲೇ ಬರುವ ತಲೆನೋವು, ಕುತ್ತಿಗೆ ಸೆಟೆಯುವುದು, ಬೆನ್ನಿನಿಂದ ತೆಗೆದ ದ್ರವದಲ್ಲಿ ರಕ್ತ. ರೋಗಿ ಬದುಕಿರುವಾಗಲೇ ರೋಗಕ್ಕೆ ಹೆಸರಿಡುವುದು ಸಾಧ್ಯವಾಯಿತು.

ಗುಳ್ಳೆ ಯಾವ ಕವಲಿನಲ್ಲಿದೆ ಎಂಬುದು ಮಾತ್ರ ಕತ್ತಲೆಯಲ್ಲೇ ಇತ್ತು. ಅದಕ್ಕೆ ದಾರಿ ಮಾಡಿದವನು ಲಿಸ್ಬನ್ನಿನ ಎಗಾಸ್ ಮೊನಿಸ್, ಪ್ಯಾರಿಸ್ ಶಾಂತಿ ಸಮಾವೇಶದಲ್ಲಿ ಪೋರ್ಚುಗಲ್ ನಿಯೋಗವನ್ನು ಮುನ್ನಡೆಸಿದ್ದ ರಾಜಕಾರಣಿ, ವೃತ್ತಿಯಿಂದ ನರರೋಗ ತಜ್ಞ. ಗೌಟ್ ಕಾಯಿಲೆಯಿಂದ ಅವನ ಕೈಬೆರಳುಗಳು ಸೊಟ್ಟಗಾಗಿದ್ದವು. ಸೂಜಿಯ ಕೆಲಸವನ್ನು ಸಹಾಯಕ ಅಲ್ಮೈಡಾ ಲಿಮಾ ಮಾಡುತ್ತಿದ್ದ. ಕುತ್ತಿಗೆಯ ಅಪಧಮನಿಗೆ ಅಯೋಡಿನ್ ಲವಣದ ದ್ರಾವಣ ಹರಿಸಿ ಕೂಡಲೇ ಎಕ್ಸ್‌ರೇ ತೆಗೆದರೆ ಮೆದುಳಿನ ರಕ್ತನಾಳಗಳು ಚಿತ್ರದಲ್ಲಿ ಮೂಡಬೇಕು ಎಂಬುದು ಲೆಕ್ಕ. ಮೊದಲ ಪ್ರಯತ್ನಗಳು ಕೈಕೊಟ್ಟವು, ಒಬ್ಬ ರೋಗಿ ಜೀವ ತೆತ್ತ. 1927ರ ಜೂನ್‌ನಲ್ಲಿ ಚಿತ್ರ ಮೂಡಿತು. ಬದುಕಿರುವ ಮನುಷ್ಯನ ಮೆದುಳಿನ ನಾಳಗಳ ನಕ್ಷೆ, ಅಂದರೆ ಆಂಜಿಯೋಗ್ರಾಂ, ಮೊದಲ ಬಾರಿ ಕಣ್ಣೆದುರಿಗೆ ಬಂತು.

ಆದರೆ ಗುಳ್ಳೆಯ ಮೇಲೆ ನೇರವಾಗಿ ಕೈಯಿಟ್ಟ ಮೊದಲ ಆಪರೇಷನ್ ನಡೆದದ್ದು ಆಂಜಿಯೋಗ್ರಾಂ ನೆರವಿಲ್ಲದೆ, 1931ರ ಏಪ್ರಿಲ್ 22ರಂದು, ಎಡಿನ್‌ಬರೋದಲ್ಲಿ. ನಾರ್ಮನ್ ಡಾಟ್ ಹುಡುಗನಾಗಿದ್ದಾಗ ಎಂಜಿನಿಯರಿಂಗ್ ಕೆಲಸ ಕಲಿಯುತ್ತಿದ್ದವನು. ಮೋಟಾರ್ ಸೈಕಲ್ ಅಪಘಾತದಲ್ಲಿ ಕಾಲು ಜಖಂಗೊಂಡು ಆಸ್ಪತ್ರೆ ಸೇರಿದಾಗ ವೈದ್ಯನಾಗಬೇಕೆಂಬ ಆಸೆ ಹತ್ತಿತು. ಮುಂದೆ ಕುಶಿಂಗ್ ಬಳಿಯೂ ಕಲಿತು ಬಂದ. ಈಗ ಅವನೆದುರಿಗೆ ಇದ್ದವರು 53 ವರ್ಷದ ಒಬ್ಬ ವಕೀಲರು. ಕೆಲವೇ ದಿನಗಳಲ್ಲಿ ಮತ್ತೆ ಮತ್ತೆ ರಕ್ತಸ್ರಾವವಾಗಿತ್ತು, ಇನ್ನೊಂದಾದರೆ ಉಳಿಯುವಂತಿರಲಿಲ್ಲ. ಲಕ್ಷಣಗಳನ್ನಷ್ಟೇ ನಂಬಿ ಡಾಟ್ ಎಡಬದಿಯಿಂದ ಬುರುಡೆ ತೆರೆದ, ಮೆದುಳಿನ ಮುಂಭಾಗವನ್ನು ಮೆಲ್ಲಗೆ ಎತ್ತಿ ಹಿಡಿದ, ಮುಖ್ಯ ಅಪಧಮನಿಯನ್ನು ಹಿಡಿದುಕೊಂಡು ಅದು ಕವಲೊಡೆಯುವಲ್ಲಿಗೆ ತಲುಪಿದ. ಗುಳ್ಳೆ ಕಂಡಿತು, ಕಂಡ ಹೊತ್ತಿಗೆ ಒಡೆಯಿತು. ರಕ್ತ ಚಿಮ್ಮಿ ಏನೂ ಕಾಣದಾಯಿತು. ಅವನು ರಕ್ತವನ್ನು ಹೀರಿ ತೆಗೆಯುತ್ತಿರುವಾಗಲೇ ರೋಗಿಯ ಕಾಲಿನಿಂದ ಮಾಂಸಖಂಡದ ಒಂದು ತುಣುಕನ್ನು ಕೊಯ್ದು ಕೊಟ್ಟರು. ಅದನ್ನು ಒಡೆದ ಜಾಗಕ್ಕೆ ಒತ್ತಿ, ಅಲುಗದೆ ಹನ್ನೆರಡು ನಿಮಿಷ ಹಿಡಿದ. ರಕ್ತ ನಿಂತಿತು. ಇನ್ನಷ್ಟು ಮಾಂಸದ ಎಳೆಗಳನ್ನು ಗುಳ್ಳೆಯ ಸುತ್ತ ಸುತ್ತಿ ಬುರುಡೆ ಮುಚ್ಚಿದ. ವಕೀಲರು ಚೇತರಿಸಿಕೊಂಡು ವರ್ಷಗಟ್ಟಲೆ ಬದುಕಿದರು.

ಸುತ್ತಿ ಬಿಗಿಯುವುದಕ್ಕಿಂತ ಗುಳ್ಳೆಯನ್ನು ನಾಳದಿಂದ ಬೇರ್ಪಡಿಸುವುದು ಮೇಲು ಎಂದುಕೊಂಡವನು ಬಾಲ್ಟಿಮೋರಿನ ವಾಲ್ಟರ್ ಡ್ಯಾಂಡಿ, ಕುಶಿಂಗ್‌ನ ಶಿಷ್ಯನಾಗಿ ಶುರುಮಾಡಿ ಅವನ ಬದ್ಧ ಪ್ರತಿಸ್ಪರ್ಧಿಯಾದವನು. 1937ರ ಮಾರ್ಚ್ 23ರಂದು 43 ವರ್ಷದ ರೋಗಿಯೊಬ್ಬನ ಗುಳ್ಳೆಯ ಕತ್ತಿಗೆ ಪುಟ್ಟ ಬೆಳ್ಳಿ ಕ್ಲಿಪ್ ಹಾಕಿದ. ಆ ಕ್ಲಿಪ್ಪನ್ನು ಮೊದಲು ರೂಪಿಸಿದವನು ಅದೇ ಕುಶಿಂಗ್! ಆ ರೋಗಿಯಲ್ಲೂ ಜಾಗ ತೋರಿಸಿಕೊಟ್ಟದ್ದು ಕಣ್ಣೇ: ಅನ್ಯೂರಿಸಂ ಒತ್ತಿದ್ದ ನರದಿಂದಾಗಿ ಆ ಬದಿಯ ಕಣ್ಣು ಸೋತಿತ್ತು. 1967ರಿಂದ ಜ್ಯೂರಿಕ್‌ನ ಗಾಜಿ ಯಾಸರ್ಗಿಲ್ ಈ ಕೆಲಸವನ್ನು ಸೂಕ್ಷ್ಮದರ್ಶಕದ ಕೆಳಗೆ ತಂದ. 1990ರಲ್ಲಿ ಗ್ವಿಡೋ ಗೂಲ್ಯೆಲ್ಮಿ ಬುರುಡೆ ತೆರೆಯುವುದನ್ನೇ ಬಿಟ್ಟು, ತೊಡೆಯ ನಾಳದಿಂದ ತೆಳು ನಳಿಕೆ ಏರಿಸಿ, ಗುಳ್ಳೆಯೊಳಗೆ ಪ್ಲಾಟಿನಂ ಸುರುಳಿ ತುಂಬಿದ. ಎರಡು ವಿಧಾನಗಳನ್ನು ಎದುರುಬದುರಿಟ್ಟು 2143 ರೋಗಿಗಳಲ್ಲಿ ಹೋಲಿಸಿದ ಪ್ರಯೋಗದ ಫಲ 2002ರಲ್ಲಿ ಬಂತು. ಒಂದು ವರ್ಷದ ಹೊತ್ತಿಗೆ ಸತ್ತವರು ಅಥವಾ ಪರಾವಲಂಬಿಗಳಾದವರು ಕ್ಲಿಪ್ ಹಾಕಿಸಿಕೊಂಡವರಲ್ಲಿ ಸುಮಾರು ಶೇ. 31, ಸುರುಳಿ ಹಾಕಿಸಿಕೊಂಡವರಲ್ಲಿ ಸುಮಾರು ಶೇ. 24.

ಎಲ್ಲಿ ಎಂಬ ಪ್ರಶ್ನೆಗೆ ಪೂರ್ತಿ ಉತ್ತರ ಬಂದದ್ದು ಶಸ್ತ್ರವೈದ್ಯರಿಂದಲ್ಲ, ಗ್ರಾಮಫೋನ್ ರೆಕಾರ್ಡುಗಳಿಗೆ ಹೆಸರಾದ ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್‌ನಿಂದ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್‌ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಅವನ ಯಂತ್ರ ಮೊದಲ ರೋಗಿಯ ತಲೆಯನ್ನು ಪದರಪದರವಾಗಿ ಚಿತ್ರಿಸಿತು. ಸಿ.ಟಿ. ಸ್ಕ್ಯಾನಿನಲ್ಲಿ ಹೊಸ ರಕ್ತ ಬೆಳ್ಳಗೆ ಕಾಣುತ್ತದೆ. ಮೂಳೆಯ ಕೆಳಗಿನ ರಕ್ತ ಮಸೂರದಂತೆ ಉಬ್ಬಿ ನಿಂತಿದ್ದರೆ ಎಕ್ಸ್‌ಟ್ರಾಡ್ಯೂರಲ್, ಅರ್ಧಚಂದ್ರದಂತೆ ಹರಡಿದ್ದರೆ ಸಬ್‌ಡ್ಯೂರಲ್. ಅದಕ್ಕೆ ಮೊದಲು, ಆಂಜಿಯೋಗ್ರಾಂಗೆ ಹೊತ್ತಿಲ್ಲದಾಗ, ಎರಡೂ ಬದಿಗೆ ಊಹೆಯ ಮೇಲೆ ತೂತು ಕೊರೆದು ಹುಡುಕುತ್ತಿದ್ದರು. ಹೆನ್ರಿಯ ತಲೆಯ ಹಿಂದಿನ ರಕ್ತ ಈ ಯಂತ್ರಕ್ಕೆ ಕೆಲವು ನಿಮಿಷಗಳ ಮಾತು.

ಭಾರತದಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಗೆ ಮೊದಲ ವಿಭಾಗ ತೆರೆದದ್ದು 1949ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಜೇಕಬ್ ಚಾಂಡಿ. ಮರುವರ್ಷ ಮದ್ರಾಸಿನಲ್ಲಿ ಬಿ. ರಾಮಮೂರ್ತಿ ಶುರುಮಾಡಿದರು. ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗೆ ನರಶಸ್ತ್ರಚಿಕಿತ್ಸೆಯನ್ನು ತಂದವರು ಆರ್. ಎಂ. ವರ್ಮಾ, 1974ರಲ್ಲಿ ಆ ಸಂಸ್ಥೆಯೂ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಕೂಡಿ ನಿಮ್ಹಾನ್ಸ್ ಆದಾಗ ಅದರ ನಿರ್ದೇಶಕರೂ ಅವರೇ. ಹುಚ್ಚಾಸ್ಪತ್ರೆಯ ಶವಪರೀಕ್ಷೆಯಲ್ಲಿ ಕಾಣುತ್ತಿದ್ದ ಸಬ್‌ಡ್ಯೂರಲ್‌ಗೆ ಮಾನಸಿಕ ಆಸ್ಪತ್ರೆಯ ಆವರಣದಲ್ಲೇ ಆಪರೇಷನ್ ಆಗುವ ಕಾಲ ಬಂತು. ಇಂದು ಕರ್ನಾಟಕದ ಯಾವ ಮೂಲೆಯಲ್ಲಿ ಬೈಕಿನಿಂದ ಬಿದ್ದವನ ತಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರೂ ಮುಂದಿನ ಮಾತು, ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗಿ.

ಈ ಕತೆಯಲ್ಲಿ ಸೋತ ವಿರ್ಶೋಗೆ ಕೊನೆಗೂ ಅರ್ಧ ನ್ಯಾಯ ಸಿಕ್ಕಿದೆ. ಮೊದಲ ರಕ್ತ ಬರುವುದು ಟ್ರಾಟರ್ ಹೇಳಿದಂತೆ ಪೆಟ್ಟಿನಿಂದಲೇ. ಆದರೆ ಅದು ಕರಗದೆ ವಾರಗಟ್ಟಲೆ ಬೆಳೆಯುವುದೇಕೆ? ರಕ್ತದ ಸುತ್ತ ಹುಟ್ಟುವ ಪೊರೆಯಲ್ಲಿ ನಿಜಕ್ಕೂ ಉರಿಯೂತವಿರುತ್ತದೆ, ಅದರ ಎಳೆಯ ನಾಳಗಳು ಜಿನುಗುತ್ತಲೇ ಇರುತ್ತವೆ. ತೂತು ಕೊರೆದು ರಕ್ತ ತೊಳೆದರೂ ಕೆಲವರಲ್ಲಿ ಮತ್ತೆ ತುಂಬುವುದು ಇದರಿಂದ. ತೊಳೆದ ಮೇಲೆ ಒಂದೆರಡು ದಿನ ಸಣ್ಣ ಟ್ಯೂಬ್ ಇಟ್ಟರೆ ಮರುಕಳಿಕೆ ಶೇ. 24ರಿಂದ ಶೇ. 9ಕ್ಕೆ ಇಳಿಯುತ್ತದೆ ಎಂದು ಕೇಂಬ್ರಿಜ್‌ನ ಪ್ರಯೋಗವೊಂದು 2009ರಲ್ಲಿ ತೋರಿಸಿತು. ಆ ಪೊರೆಗೆ ರಕ್ತ ಒದಗಿಸುವುದು ಕಣತಲೆಯ ಅದೇ ಅಪಧಮನಿ, ಕ್ರೋನ್‌ಲೈನ್ ಗೆರೆ ಎಳೆದು ಹುಡುಕಿದ್ದು. ಅದನ್ನು ಒಳಗಿನಿಂದಲೇ ನಳಿಕೆಯ ಮೂಲಕ ಮುಚ್ಚಿದರೆ ಮತ್ತೆ ಆಪರೇಷನ್ ಬೇಕಾಗುವುದು ಕಡಿಮೆಯಾಗುತ್ತದೆ ಎಂಬ ಪ್ರಯೋಗದ ಫಲ 2024ರಲ್ಲಿ ಪ್ರಕಟವಾಯಿತು. ರಕ್ತ ತೆಳುಮಾಡುವ ಮಾತ್ರೆ ನುಂಗುವ ಹಿರಿಯರು ಹೆಚ್ಚುತ್ತಿರುವಾಗ ಇದು ಸಣ್ಣ ಮಾತಲ್ಲ.

ಎಲ್ಲಿ ಕೊರೆಯಬೇಕು ಎಂಬುದು ಈಗ ಪ್ರಶ್ನೆಯಲ್ಲ. ಸ್ಕ್ಯಾನ್ ಕೇಂದ್ರ ತಾಲ್ಲೂಕು ಪಟ್ಟಣಗಳಿಗೂ ಬಂದಿದೆ. ಉಳಿದಿರುವುದು ಎಷ್ಟು ಬೇಗ ಎಂಬುದು. 1981ರಲ್ಲಿ ಅಮೆರಿಕದ ವೈದ್ಯರು ತೀವ್ರ ಸಬ್‌ಡ್ಯೂರಲ್‌ನ 82 ರೋಗಿಗಳ ಲೆಕ್ಕ ಪ್ರಕಟಿಸಿದರು: ಪೆಟ್ಟು ಬಿದ್ದ ನಾಲ್ಕು ಗಂಟೆಯೊಳಗೆ ಆಪರೇಷನ್ ಆದವರಲ್ಲಿ ಸತ್ತವರು ಶೇ. 30, ತಡವಾದವರಲ್ಲಿ ಶೇ. 90. ಆಮೇಲಿನ ಅಧ್ಯಯನಗಳಲ್ಲಿ ಅಂತರ ಇಷ್ಟು ದೊಡ್ಡದಾಗಿ ಕಾಣಲಿಲ್ಲ ನಿಜ. ಆದರೂ ಬಿದ್ದವನು ಎದ್ದು ಮಾತಾಡುತ್ತಿದ್ದಾನೆ ಎಂದು ಮನೆಗೆ ಕರೆದೊಯ್ಯುವುದು, ಬೆಳಗ್ಗೆ ನೋಡೋಣ ಎನ್ನುವುದು, ಅಜ್ಜಿಯ ತಡವರಿಕೆಯನ್ನು ವಯಸ್ಸಿನ ಲೆಕ್ಕಕ್ಕೆ ಹಾಕುವುದು ಇಂದಿಗೂ ಜೀವ ತೆಗೆಯುತ್ತವೆ. ಪೆಟಿ ಗುರುತಿಸಿದ ಆ ಚೆನ್ನಾಗಿರುವ ಹೊತ್ತು, ಟ್ರಾಟರ್ ಎಚ್ಚರಿಸಿದ ಆ ಮರೆತ ಸಣ್ಣ ಪೆಟ್ಟು, ಇವೆರಡನ್ನು ಯಂತ್ರಕ್ಕಿಂತ ಮೊದಲು ಕಾಣಬೇಕಾದವರು ಮನೆಯವರು.